ಗ್ಯಾಲಪಗೋಸ್ ಹಡಗು ಪ್ರವಾಸ: ಕೋಣೆ ನೋಡುವ ಮೊದಲು ದಾರಿ ನೋಡಿ

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದ ಗ್ಯಾಲಪಗೋಸ್ ದ್ವೀಪಗಳ ಪ್ರವಾಸದ ಬಗ್ಗೆ ವಿಚಾರಿಸುವ ಬೆಂಗಳೂರಿನ ಮಂದಿ ಮೊದಲು ಕೇಳುವುದು ಹಡಗಿನ ಬಗ್ಗೆ. ಬಾಲ್ಕನಿ ಇದೆಯಾ, ಬಾತ್‌ರೂಮ್ ಎಷ್ಟು ದೊಡ್ಡದು, ವೆಜ್ ಊಟ ಸಿಗುತ್ತಾ. ಇವೆಲ್ಲ ಆಮೇಲಿನ ಮಾತು. ಮೊದಲು ಕೇಳಬೇಕಾದ್ದು: ನಾವು ಹೋಗುವ ವಾರ ಆ ಹಡಗು ಯಾವ ಯಾವ ದ್ವೀಪಕ್ಕೆ ಹೋಗುತ್ತದೆ? ಕಬಿನಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿ ಜೀಪು ಯಾವುದಾದರೂ ಸರಿ, ಹುಲಿ ಕಾಣುವುದು ಬಿಡುವುದು ಅದೃಷ್ಟ. ಗ್ಯಾಲಪಗೋಸ್‌ನಲ್ಲಿ ಅದೃಷ್ಟಕ್ಕೆ ಅಷ್ಟು ಜಾಗವಿಲ್ಲ. ಹಲವು ಪ್ರಾಣಿಗಳು ಒಂದೆರಡು ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲ. ಆ ದ್ವೀಪ ನಿಮ್ಮ ದಾರಿಯಲ್ಲಿದ್ದರೆ ಸಿಗುವುದು ಬಹುತೇಕ ಖಚಿತ, ಇಲ್ಲದಿದ್ದರೆ ಎಷ್ಟು ದುಡ್ಡು ಸುರಿದರೂ ಇಲ್ಲ.

ಯಾಕೆ ಹೀಗೆ ಎಂಬುದಕ್ಕೆ ಉತ್ತರ ನೆಲದಡಿಯಲ್ಲಿದೆ. ಈಕ್ವೆಡಾರ್ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1000 ಕಿ.ಮೀ. ದೂರ, ಪೆಸಿಫಿಕ್ ಸಾಗರದ ತಳದಲ್ಲಿ ಲಾವಾ ಉಕ್ಕಿ ದ್ವೀಪ ಹುಟ್ಟುವ ಒಂದು ಜಾಗವಿದೆ. ಅದರ ಮೇಲಿರುವ ನಾಸ್ಕಾ ಭೂಫಲಕ ಪೂರ್ವಕ್ಕೆ ಸರಿಯುತ್ತಲೇ ಇರುತ್ತದೆ. ಹಾಗಾಗಿ ಪೂರ್ವದ ದ್ವೀಪಗಳು ಹಳೆಯವು, ಪಶ್ಚಿಮದವು ಹೊಸವು. ಆಗ್ನೇಯ ಮೂಲೆಯ ಎಸ್ಪಾನ್ಯೊಲಾ ಸವೆದು ಚಪ್ಪಟೆಯಾಗಿದೆ. ಪಶ್ಚಿಮ ತುದಿಯ ಫೆರ್ನಾಂಡಿನಾಕ್ಕೆ ಹತ್ತು ಲಕ್ಷ ವರ್ಷವೂ ಆಗಿಲ್ಲ. ಅಲ್ಲಿನ ಲಾ ಕುಂಬ್ರೆ ಜ್ವಾಲಾಮುಖಿ 2024ರ ಮಾರ್ಚ್‌ನಲ್ಲಿ ಮತ್ತೆ ಸಿಡಿಯಿತು. ಲಾಲ್‌ಬಾಗ್‌ನ ಬಂಡೆಗೆ ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ. ಅದರ ಮೇಲೆ ವಾಕಿಂಗ್ ಮಾಡಿ ಅಭ್ಯಾಸವಿರುವವರಿಗೆ ಫೆರ್ನಾಂಡಿನಾದ ನೆಲ ಇನ್ನೂ ಹಸಿಯಾಗಿಯೇ ಕಾಣುತ್ತದೆ. ಇದರ ಜೊತೆಗೆ ಕಡಲಿನ ಹರಿವುಗಳೂ ಇವೆ. ಕ್ರಾಮ್‌ವೆಲ್ ಎಂಬ ತಣ್ಣನೆಯ ಒಳಹರಿವು ಪಶ್ಚಿಮದಿಂದ ಬಂದು ಇಸಬೆಲಾ, ಫೆರ್ನಾಂಡಿನಾಗಳಿಗೆ ಬಡಿದು ಮೇಲೇಳುತ್ತದೆ. ಆ ನೀರಿನ ಜೊತೆ ಮೀನಿಗೆ ಬೇಕಾದ ಆಹಾರವೂ ಮೇಲೆ ಬರುತ್ತದೆ. ಸಮಭಾಜಕ ವೃತ್ತದ ಬುಡದಲ್ಲೇ ಪೆಂಗ್ವಿನ್ ಬದುಕುವುದು ಇದೇ ಕಾರಣಕ್ಕೆ.

ಈಗ ದಾರಿಯ ವಿಚಾರ. ಪಶ್ಚಿಮದ ದಾರಿಯಲ್ಲಿ ಇಸಬೆಲಾ ಮತ್ತು ಫೆರ್ನಾಂಡಿನಾ ಬರುತ್ತವೆ. ಹಾರಲಾರದ ನೀರುಕಾಗೆ ಇಡೀ ಜಗತ್ತಿನಲ್ಲಿ ಇರುವುದು ಈ ಎರಡು ದ್ವೀಪಗಳ ಅಂಚಿನಲ್ಲಿ ಮಾತ್ರ. ರೆಕ್ಕೆ ಮೋಟು, ಈಜು ಚುರುಕು. ಪೆಂಗ್ವಿನ್‌ಗಳಲ್ಲಿ ಹೆಚ್ಚಿನವೂ ಇಲ್ಲೇ. ಫೆರ್ನಾಂಡಿನಾದಲ್ಲಿ ಪ್ರವಾಸಿಗರು ಕಾಲಿಡಬಹುದಾದ ಜಾಗ ಒಂದೇ, ಪುಂಟಾ ಎಸ್ಪಿನೋಸಾ. ಅಲ್ಲಿ ಕಡಲ ಇಗುವಾನ ಎಂಬ ದೊಡ್ಡ ಹಲ್ಲಿಗಳು ಕಪ್ಪು ಲಾವಾ ಮೇಲೆ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಎರಡರ ಬಣ್ಣವೂ ಒಂದೇ ಆದ್ದರಿಂದ ಮೊದಲ ಐದು ನಿಮಿಷ ಕಲ್ಲು ಯಾವುದು, ಪ್ರಾಣಿ ಯಾವುದು ಎಂದು ತಿಳಿಯುವುದಿಲ್ಲ. ನೆಲ ನೋಡಿಕೊಂಡೇ ನಡೆಯಬೇಕು. ಅವು ಕಡಲಿನ ಪಾಚಿ ಮೇಯುವಾಗ ಒಳಗೆ ಹೋದ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುತ್ತವೆ. ತಲೆಯ ಮೇಲೆ ಬೆಳ್ಳಗೆ ಕಟ್ಟಿರುವುದು ಆ ಉಪ್ಪೇ. ಎಲ್ ನಿನ್ಯೋ ವರ್ಷಗಳಲ್ಲಿ ನೀರು ಬಿಸಿಯಾಗಿ ಪಾಚಿ ಸತ್ತರೆ ಇವುಗಳ ಮೈಯುದ್ದವೇ ಕುಗ್ಗುತ್ತದೆ. 1982–83 ಮತ್ತು 1997–98ರಲ್ಲಿ ಬಹಳಷ್ಟು ಹಸಿದು ಸತ್ತವು.

ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿ ನೋಡಬೇಕೆಂದರೆ ಎಸ್ಪಾನ್ಯೊಲಾದ ಪುಂಟಾ ಸ್ವಾರೆಸ್‌ಗೇ ಹೋಗಬೇಕು. ಅಲೆಗೆರೆಯ ಆಲ್ಬಟ್ರಾಸ್ ಸಂತತಿ ಹೆಚ್ಚುಕಡಿಮೆ ಪೂರ್ತಿ ಮೊಟ್ಟೆಯಿಡುವುದು ಆ ಒಂದೇ ದ್ವೀಪದಲ್ಲಿ, ಅದೂ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ. ಜನವರಿಯಿಂದ ಮಾರ್ಚ್‌ವರೆಗೆ ಅವು ಕಡಲಿನ ಮೇಲೆಯೇ ಇರುತ್ತವೆ. ಫೆಬ್ರುವರಿಯ ಪ್ರವಾಸದ ಕರಪತ್ರದಲ್ಲೂ ಆಲ್ಬಟ್ರಾಸ್ ಚಿತ್ರ ಹಾಕಿರುತ್ತಾರೆ, ಅದನ್ನು ನಂಬಬೇಡಿ. ಕೆಂಪುಕಾಲಿನ ಬೂಬಿ ಎಂಬ ಕಡಲ ಹಕ್ಕಿಗೆ ಉತ್ತರದ ಜೆನೊವೆಸಾ ಸರಿಯಾದ ಜಾಗ. ಹಗಲಲ್ಲೇ ಬೇಟೆಯಾಡುವ ಗಿಡ್ಡಗಿವಿ ಗೂಬೆಯೂ ಅಲ್ಲಿ ಸಿಗುತ್ತದೆ. ನೀಲಿಕಾಲಿನ ಬೂಬಿ, ಕಡಲ ಸಿಂಹ, ದೈತ್ಯ ಆಮೆಗಳಿಗಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಡುವಿನ ಸಾಂತಾ ಕ್ರೂಸ್, ಉತ್ತರ ಸೆಮೂರ್‌ಗಳನ್ನು ಮುಟ್ಟದ ದಾರಿ ಅಪರೂಪ.

ಎಲ್ಲವನ್ನೂ ಒಂದೇ ವಾರದಲ್ಲಿ ತೋರಿಸುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ. 2012ರಿಂದ ರಾಷ್ಟ್ರೀಯ ಉದ್ಯಾನದ ಆಡಳಿತ ತಂದ ನಿಯಮದಂತೆ ಪ್ರತಿ ಹಡಗಿಗೂ 15 ದಿನಗಳ ಸುತ್ತು ಇರುತ್ತದೆ. ಒಮ್ಮೆ ಹೋದ ತಾಣಕ್ಕೆ ಆ ಸುತ್ತಿನಲ್ಲಿ ಮತ್ತೆ ಹೋಗುವಂತಿಲ್ಲ. ಆ ಸುತ್ತನ್ನೇ 4, 5, 8 ದಿನಗಳ ತುಂಡುಗಳಾಗಿ ಮಾರುತ್ತಾರೆ. ಒಂದೇ ಹಡಗಿನ ಈ ವಾರದ ದಾರಿ ಪಶ್ಚಿಮದ್ದಾದರೆ ಮುಂದಿನ ವಾರದ್ದು ಉತ್ತರ–ದಕ್ಷಿಣದ್ದು. ಆದ್ದರಿಂದ ಹಡಗಿನ ಹೆಸರು ಹೇಳಿ ಬುಕ್ ಮಾಡಬೇಡಿ. ಹೊರಡುವ ದಿನಾಂಕ, ಆ ದಿನಾಂಕದ ದಾರಿ, ಪ್ರತಿ ದಿನ ಬೆಳಿಗ್ಗೆ ಮತ್ತು ಮಧ್ಯಾಹ್ನ ಇಳಿಯುವ ತಾಣಗಳ ಹೆಸರು, ಇವನ್ನು ಬರಹದಲ್ಲಿ ತರಿಸಿಕೊಂಡ ಮೇಲೆ ಮುಂಗಡ ಕೊಡಿ.

ದಿನಗಳ ಲೆಕ್ಕದಲ್ಲೂ ಮೋಸ ಹೋಗುವವರಿದ್ದಾರೆ. ಮೊದಲ ದಿನ ವಿಮಾನ ಬಾಲ್ಟ್ರಾ ಅಥವಾ ಸಾನ್ ಕ್ರಿಸ್ಟೊಬಾಲ್‌ಗೆ ಇಳಿಯುವಷ್ಟರಲ್ಲಿ ಮಧ್ಯಾಹ್ನ ಹತ್ತಿರವಾಗಿರುತ್ತದೆ. ಕೊನೆಯ ದಿನ ತಿಂಡಿಯ ನಂತರ ಒಂದು ಸಣ್ಣ ಸುತ್ತು, ಆಮೇಲೆ ವಿಮಾನ ನಿಲ್ದಾಣ. ಹಾಗಾಗಿ 4 ದಿನ ಎಂದರೆ ಪೂರ್ತಿ ಸಿಗುವುದು ಎರಡೇ ದಿನ. 8 ದಿನ ಎಂದರೆ ಆರು. ಬೆಂಗಳೂರಿನಿಂದ ಈಕ್ವೆಡಾರ್‌ನ ಕೀಟೊ ಅಥವಾ ಗ್ವಾಯಾಕಿಲ್‌ಗೆ ನೇರ ವಿಮಾನವಿಲ್ಲ, ಯೂರೋಪಿನ ಮೂಲಕ ಹೋದರೂ ದಾರಿಯಲ್ಲೇ ಒಂದು ದಿನಕ್ಕಿಂತ ಹೆಚ್ಚು ಕಳೆಯುತ್ತದೆ. ಅಷ್ಟು ದೂರ ಹೋಗಿ ನಾಲ್ಕು ದಿನದ ಹಡಗು ಹತ್ತುವುದು ದಂಡ. ಬಜೆಟ್ ಬಿಗಿಯಾಗಿದ್ದರೆ ಹಡಗಿನ ದರ್ಜೆ ಇಳಿಸಿ, ದಿನ ಇಳಿಸಬೇಡಿ.

ಹಡಗುಗಳಲ್ಲಿ 100 ಪ್ರಯಾಣಿಕರಿಗಿಂತ ಹೆಚ್ಚು ಹತ್ತಿಸುವಂತಿಲ್ಲ. ಬಹುಪಾಲು 16 ಜನರವು. 16 ಜನಕ್ಕೆ ಒಬ್ಬ ಪರವಾನಗಿ ಪಡೆದ ಮಾರ್ಗದರ್ಶಿ ಕಡ್ಡಾಯ, ಅವರಿಲ್ಲದೆ ಯಾವ ತಾಣದಲ್ಲೂ ಇಳಿಯುವಂತಿಲ್ಲ. ದೊಡ್ಡ ಹಡಗು ಕಡಿಮೆ ತೂಗಾಡುತ್ತದೆ, ಕೆಲವದರಲ್ಲಿ ವೈದ್ಯರೂ ಇರುತ್ತಾರೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ಅದೇ ವಾಸಿ. ಉಳಿದವರಿಗೆ ಸಣ್ಣದೇ ಚೆನ್ನ: ಇಳಿಯಲು ಸರದಿಗೆ ಕಾಯಬೇಕಿಲ್ಲ.

ಯಾವ ತಿಂಗಳು? ಡಿಸೆಂಬರ್ ಕೊನೆಯಿಂದ ಮೇವರೆಗೆ ಬಿಸಿಲು, ಆಗಾಗ ಮಳೆ, ಶಾಂತ ಕಡಲು, 24 ಡಿಗ್ರಿಗಿಂತ ಬೆಚ್ಚಗಿನ ನೀರು. ಜೂನ್‌ನಿಂದ ನವೆಂಬರ್‌ವರೆಗೆ ಗಾರುವಾ ಎಂಬ ತುಂತುರು ಮಂಜು, ಗಾಳಿ, 20 ಡಿಗ್ರಿ ಆಸುಪಾಸಿನ ನೀರು. ಪಶ್ಚಿಮದಲ್ಲಿ ಇನ್ನೂ ತಣ್ಣಗೆ. ನಮ್ಮ ಶಾಲೆಗಳ ಬೇಸಿಗೆ ರಜೆಗೆ ಮೊದಲ ಕಾಲದ ಕೊನೆಯ ಭಾಗ ಸೊಗಸಾಗಿ ಹೊಂದುತ್ತದೆ. ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೆ ಆಲ್ಬಟ್ರಾಸ್ ಬಂದಿರುತ್ತದೆ, ಕಡಲು ಇನ್ನೂ ಕೆರಳಿರುವುದಿಲ್ಲ. ದಸರಾ ರಜೆಯಲ್ಲಿ ಹೋದರೆ ಕಡಲ ಸಿಂಹದ ಮರಿಗಳು ಸಿಗುತ್ತವೆ, ಆದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅಲೆಗಳು ಜೋರು. ಕ್ರಿಸ್‌ಮಸ್ ವಾರದಲ್ಲಿ ದರ ಏರಿರುತ್ತದೆ, ಆಲ್ಬಟ್ರಾಸ್ ಹೊರಟು ನಿಂತಿರುತ್ತದೆ.

ಅಲೆ ಎಂದರೆ ವಾಂತಿಯ ಮಾತೂ ಬರಬೇಕು. ದ್ವೀಪದಿಂದ ದ್ವೀಪಕ್ಕೆ ಉದ್ದದ ಪ್ರಯಾಣವೆಲ್ಲ ರಾತ್ರಿ, ಊಟವಾದ ಮೇಲೆ. ಎಲ್ಲರೂ ಮಾಡುವ ತಪ್ಪು, ಹೊಟ್ಟೆ ತೊಳಸಲು ಶುರುವಾದ ಮೇಲೆ ಮಾತ್ರೆ ನುಂಗುವುದು. ಆಗ ಅದು ಒಳಗೆ ನಿಲ್ಲುವುದೇ ಇಲ್ಲ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಅವೋಮಿನ್‌ನಂಥ ಮಾತ್ರೆಯನ್ನು ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ಬರುತ್ತದೆ, ರಾತ್ರಿಗೆ ಅದು ಒಳ್ಳೆಯದೇ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕೋಣೆಯ ಆಯ್ಕೆಯೂ ಇಲ್ಲಿ ಮುಖ್ಯ. ಹಡಗು ಹೆಚ್ಚು ತೂಗುವುದು ಮೇಲಿನ ಅಂತಸ್ತಿನಲ್ಲಿ ಮತ್ತು ಎರಡು ತುದಿಗಳಲ್ಲಿ. ಕಡಿಮೆ ತೂಗುವುದು ಕೆಳಗೆ, ಮಧ್ಯದಲ್ಲಿ. ಹೆಚ್ಚು ದುಡ್ಡು ಕೊಟ್ಟು ಪಡೆದ ಬಾಲ್ಕನಿ ಕೋಣೆಯೇ ಹೆಚ್ಚು ತೂಗಾಡುತ್ತದೆ! ಕೆಳಗಿನ ಕೋಣೆಗೆ ಎಂಜಿನ್ ಸದ್ದು ಇರುತ್ತದೆ, ಕಿವಿಗೆ ಹತ್ತಿಯೋ ಇಯರ್‌ಪ್ಲಗ್ಗೋ ಇಟ್ಟುಕೊಂಡರಾಯಿತು.

ಹಡಗಿನಿಂದ ದಡಕ್ಕೆ ಹೋಗುವುದು ಪಂಗಾ ಎನ್ನುವ ಸಣ್ಣ ರಬ್ಬರ್ ದೋಣಿಯಲ್ಲಿ. ಇಳಿಯುವುದರಲ್ಲಿ ಎರಡು ಬಗೆ. ಒಣ ಇಳಿತದಲ್ಲಿ ಬಂಡೆಯ ಮೇಲೋ ಮೆಟ್ಟಿಲ ಮೇಲೋ ಕಾಲಿಡುತ್ತೀರಿ. ಹೆಸರು ಒಣ ಎಂದಿದ್ದರೂ ಹೆಚ್ಚು ಜಾರುವುದು ಇಲ್ಲೇ, ಕಡಲಿನ ನೀರು ಇಳಿದ ಹೊತ್ತಿನಲ್ಲಿ ಪಾಚಿ ತೆರೆದುಕೊಂಡಿರುತ್ತದೆ. ಎರಡೂ ಕೈ ಖಾಲಿ ಇರಬೇಕು, ಕ್ಯಾಮೆರಾ ಬ್ಯಾಗಿನೊಳಗೆ. ನಾವಿಕರ ಬೆರಳನ್ನೋ ಅಂಗೈಯನ್ನೋ ಹಿಡಿಯಬೇಡಿ. ಅವರು ನಿಮ್ಮ ಮಣಿಕಟ್ಟು, ನೀವು ಅವರ ಮಣಿಕಟ್ಟು ಹಿಡಿಯಬೇಕು. ಒದ್ದೆ ಕೈ ಜಾರಿದರೂ ಆ ಹಿಡಿತ ಬಿಡುವುದಿಲ್ಲ. ದೋಣಿ ಅಲೆಯ ಮೇಲೆದ್ದಾಗ ಹೆಜ್ಜೆ ಇಡಿ, ಕೆಳಗಿಳಿಯುವಾಗ ಅಲ್ಲ. ಒದ್ದೆ ಇಳಿತದಲ್ಲಿ ದೋಣಿಯ ಅಂಚಿನ ಮೇಲೆ ಕೂತು, ಎರಡೂ ಕಾಲನ್ನು ಹೊರಕ್ಕೆ ತಿರುಗಿಸಿ, ಅಲೆ ಹಿಂದೆ ಸರಿದಾಗ ಮೊಣಕಾಲುದ್ದದ ನೀರಿಗೆ ಜಾರಬೇಕು. ಸೀರೆ, ಉದ್ದನೆಯ ಸಡಿಲ ಪ್ಯಾಂಟು ಎರಡೂ ತೊಡಕು. ಲಾವಾ ಮೇಲೆ ಸಾಮಾನ್ಯ ಚಪ್ಪಲಿ ನಡೆಯುವುದಿಲ್ಲ, ಅದರ ಅಂಚು ಒಡೆದ ಗಾಜಿನ ಹಾಗಿರುತ್ತದೆ. ಹಿಡಿತವಿರುವ ಮುಚ್ಚಿದ ಶೂ ಬೇಕು.

ಪ್ರಾಣಿಯಿಂದ ಕನಿಷ್ಠ 2 ಮೀಟರ್ ದೂರ ಇರಬೇಕೆಂಬುದು ನಿಯಮ. ಅದು ತಾನಾಗಿ ಹತ್ತಿರ ಬಂದರೆ ನೀವೇ ಹಿಂದೆ ಸರಿಯಬೇಕು. ಫ್ಲ್ಯಾಷ್ ಇಲ್ಲ, ಡ್ರೋನ್ ಇಲ್ಲ, ದಡದಲ್ಲಿ ತಿಂಡಿ ಇಲ್ಲ. ನಾಗರಹೊಳೆಗೆಂದು ಕೊಂಡ 600 ಎಂಎಂ ಲೆನ್ಸ್ ಇಲ್ಲಿ ಭಾರ ಮಾತ್ರ. 70–300 ಅಥವಾ 100–400 ಸಾಕು.

ಈಜು ಬಾರದವರು ನೀರಿಗಿಳಿಯಬಾರದೆಂದೇನಿಲ್ಲ. ವೆಟ್‌ಸೂಟ್ ಎಂಬ ಮೈಗಂಟುವ ರಬ್ಬರ್ ಉಡುಪು ತಾನೇ ಮೈಯನ್ನು ತೇಲಿಸುತ್ತದೆ, ಮೇಲೆ ಲೈಫ್ ಜಾಕೆಟ್ ಕೊಡುತ್ತಾರೆ. ಆದರೆ ಸ್ನಾರ್ಕೆಲ್ ಎಂಬ ಕೊಳವೆಯನ್ನು ಬಾಯಿಗಿಟ್ಟು ಉಸಿರಾಡುವುದನ್ನು ಬೆಂಗಳೂರಿನ ಯಾವುದಾದರೂ ಈಜುಕೊಳದಲ್ಲಿ ಮೊದಲೇ ಕಲಿತು ಹೋಗಿ. ಮೊದಲ ಸಲವೇ ತಣ್ಣನೆಯ ಕಡಲಾದರೆ ಗಾಬರಿಯಲ್ಲಿ ಉಸಿರು ಕಟ್ಟುತ್ತದೆ. ಕನ್ನಡಕದವರು ಪವರ್ ಇರುವ ಮಾಸ್ಕ್ ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕು. ಕಡಲ ಆಮೆ ಮೂರು ಮೀಟರ್ ಕೆಳಗೆ ಮೇಯುತ್ತಿದ್ದರೂ ಮಸುಕು ಹಸಿರು ಬಿಟ್ಟು ಏನೂ ಕಾಣಲಿಲ್ಲ ಎನ್ನುವವರು ಹೆಚ್ಚಾಗಿ ಈ ಒಂದು ಸಿದ್ಧತೆ ಮರೆತವರೇ.

ಇನ್ನು ಬ್ಯಾಗು. ಕೀಟೊ, ಗ್ವಾಯಾಕಿಲ್ ವಿಮಾನ ನಿಲ್ದಾಣಗಳಲ್ಲಿ ಚೆಕ್‌ಇನ್‌ಗೆ ಮೊದಲೇ ಜೈವಿಕ ಸುರಕ್ಷಾ ತಪಾಸಣೆ ನಡೆಯುತ್ತದೆ, ಆಮೇಲೆ ಬ್ಯಾಗಿಗೆ ಸೀಲು. ಹಣ್ಣು, ಬೀಜ, ಗಿಡ, ಮಣ್ಣು ಯಾವುದೂ ದಾಟುವುದಿಲ್ಲ. ಕರಿಬೇವಿನ ಎಲೆ, ಮೊಳಕೆ ಕಾಳು, ಹಸಿಮೆಣಸಿನಕಾಯಿ ಮನೆಯಲ್ಲೇ ಬಿಡಿ. ಇದನ್ನು ಅತಿಯೆಂದುಕೊಳ್ಳಬೇಡಿ. ಅಲ್ಲಿನ ಎತ್ತರದ ಪ್ರದೇಶಗಳನ್ನು ಆಕ್ರಮಿಸಿರುವ ಗಿಡಗಳಲ್ಲಿ ನಮ್ಮ ಹಿತ್ತಲಿನ ಸೀಬೆಯೂ ಒಂದು. ಬಂಡೀಪುರವನ್ನು ಕಾಡುವ ಲಂಟಾನ ಅಲ್ಲಿನ ಫ್ಲೊರಿಯಾನಾ ದ್ವೀಪವನ್ನೂ ಕಾಡುತ್ತಿದೆ. ಶೂ ಅಡಿಯ ಗೀರುಗಳಲ್ಲಿ ಸಿಕ್ಕಿದ ಮಣ್ಣನ್ನು ಬ್ರಷ್ ಹಾಕಿ ತೊಳೆದೇ ಹೊರಡಿ. ಚಟ್ನಿಪುಡಿ ಒಯ್ಯಲೇಬೇಕೆಂದಿದ್ದರೆ ಕಂಪನಿಯ ಸೀಲು ಮತ್ತು ಇಂಗ್ಲಿಷ್ ಲೇಬಲ್ ಇರುವ ಪೊಟ್ಟಣ ಒಯ್ದು, ಕೇಳುವ ಮೊದಲೇ ತೋರಿಸಿ. ಸಸ್ಯಾಹಾರದ ವಿಷಯವನ್ನು ಬುಕಿಂಗ್ ಹೊತ್ತಿಗೇ ಬರೆದು ತಿಳಿಸಬೇಕು: ಮೀನಿಲ್ಲ, ಕೋಳಿಯಿಲ್ಲ, ಮಾಂಸದ ಸಾರು ಕೂಡ ಇಲ್ಲ ಎಂದು ಬಿಡಿಸಿ. ಹಡಗು ಹೊರಟ ಮೇಲೆ ಅಡುಗೆಯವರಿಗೆ ಅಂಗಡಿ ಸಿಗುವುದಿಲ್ಲ. ಅನ್ನ, ಬೇಳೆ, ಬಾಳೆಕಾಯಿ ಅಲ್ಲಿನವರಿಗೂ ದಿನನಿತ್ಯದ ಊಟ, ಉಪವಾಸವೇನೂ ಬೀಳುವುದಿಲ್ಲ. ಬಿಸಿನೀರಿನ ಕೆಟಲ್ ಒಯ್ಯುವವರಿಗೆ ಒಂದು ಮಾತು: ಅಲ್ಲಿ ಕರೆಂಟು 120 ವೋಲ್ಟ್. ನಮ್ಮ 1500 ವಾಟ್ ಕೆಟಲ್ ಅಲ್ಲಿ 400 ವಾಟ್ ಆಸುಪಾಸಿನಲ್ಲಿ ನರಳುತ್ತದೆ, ಹಡಗಿನಲ್ಲಿ ಅದನ್ನು ಬಿಡುವುದೂ ಅನುಮಾನ. ಫೋನು, ಕ್ಯಾಮೆರಾ ಚಾರ್ಜರ್‌ಗಳಿಗೆ ಚಪ್ಪಟೆ ಕಡ್ಡಿಯ ಅಡಾಪ್ಟರ್ ಇದ್ದರೆ ಸಾಕು.

ದುಡ್ಡು ಅಮೆರಿಕನ್ ಡಾಲರ್. 2000ದಿಂದ ಈಕ್ವೆಡಾರ್‌ನಲ್ಲಿ ಅದೇ ಚಲಾವಣೆ. ಉದ್ಯಾನದ ಪ್ರವೇಶ ಶುಲ್ಕ 2024ರ ಆಗಸ್ಟ್‌ನಿಂದ ನಮ್ಮಂಥ ವಿದೇಶಿಯರಿಗೆ 200 ಡಾಲರ್, ಅದನ್ನು ನಗದಾಗಿ ಇಟ್ಟುಕೊಳ್ಳಿ. ದ್ವೀಪಗಳಿಗೆ ಹೋಗಲು ಬೇಕಾದ ಪ್ರಯಾಣ ನಿಯಂತ್ರಣ ಚೀಟಿಯ ಶುಲ್ಕ ಬೇರೆ. ಪ್ಯಾಕೇಜ್ ದರದಲ್ಲಿ ಇವು ಸಾಮಾನ್ಯವಾಗಿ ಸೇರಿರುವುದಿಲ್ಲ. ಇಲ್ಲಿನ ಏಜೆನ್ಸಿ ಮೂಲಕ ಕೊಂಡರೆ ಮೇಲೆ ಟಿಸಿಎಸ್, ಅಂದರೆ ಮಾರುವವರೇ ಮೊದಲೇ ವಸೂಲಿ ಮಾಡುವ ತೆರಿಗೆ, ಬೀಳುತ್ತದೆ. ಅದು ಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ವೀಸಾ ನಿಯಮವನ್ನು ದೆಹಲಿಯ ಈಕ್ವೆಡಾರ್ ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳದೆ ಹಡಗಿಗೆ ಹಣ ಕಟ್ಟಬೇಡಿ. ಅಮೆರಿಕದ ಮೂಲಕ ಹೋದರೆ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು.

ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ಒಂದು ದಿನ, ಸಾಧ್ಯವಾದರೆ ಎರಡು ದಿನ ಮೊದಲೇ ಈಕ್ವೆಡಾರ್ ತಲುಪಿರಬೇಕು. ಕೀಟೊ 2850 ಮೀಟರ್ ಎತ್ತರದಲ್ಲಿದೆ, ನಮ್ಮ ಊರಿನ ಮೂರರಷ್ಟು. ಹೃದಯ, ಶ್ವಾಸಕೋಶದ ತೊಂದರೆಯಿರುವವರು ಸಮುದ್ರಮಟ್ಟದ ಗ್ವಾಯಾಕಿಲ್‌ನಲ್ಲಿ, ವಿಮಾನ ನಿಲ್ದಾಣದ ಹತ್ತಿರವೇ ತಂಗುವುದು ವಾಸಿ.

ವಾಪಸಿನ ದಾರಿಯ ಕಾಗದವೊಂದನ್ನು ಹೋಗುವ ಮೊದಲೇ ಮಾಡಿಸಬೇಕು, ಅದು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ದ್ವೀಪಗಳಲ್ಲಿ ಆ ರೋಗದ ಭಯವಿಲ್ಲದಿದ್ದರೂ ಭಾರತದ ಪಟ್ಟಿಯಲ್ಲಿ ಈಕ್ವೆಡಾರ್ ಇದೆ. ಪ್ರಮಾಣಪತ್ರವಿಲ್ಲದೆ ದೇವನಹಳ್ಳಿಯಲ್ಲಿ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಅನುಮತಿ ಕೊಟ್ಟ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಚುಚ್ಚಿಸಿಕೊಂಡ ಹತ್ತು ದಿನದ ನಂತರವಷ್ಟೇ ಅದು ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. 60 ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು ಮೊದಲು ವೈದ್ಯರ ಜೊತೆ ಮಾತಾಡಬೇಕು. ಅವರು ಬೇಡವೆಂದರೆ ವಾಪಸು ಬರುವಾಗ ಯೂರೋಪಿನಲ್ಲಿ ಒಂದು ವಾರ ಉಳಿದು ಬರುವಂತೆ ಟಿಕೆಟ್ ಮಾಡಿಸಿ: ಈಕ್ವೆಡಾರ್ ಬಿಟ್ಟು ಆರು ದಿನ ಕಳೆದಿದ್ದರೆ ಈ ನಿಯಮ ನಿಮಗೆ ತಾಗುವುದಿಲ್ಲ.