ಮೇಳಕ್ಕೆ ಹೊರಡುವಾಗ ಟ್ರ್ಯಾಕ್ಟರಿನ ಕೈಪಿಡಿಯೂ ಜೊತೆಗಿರಲಿ

ಕೆಲವು ವರ್ಷಗಳ ಹಿಂದೆ ನನ್ನಿಂದ ಸಲಹೆ ಪಡೆಯುತ್ತಿದ್ದ ಬೆಳೆಗಾರರೊಬ್ಬರು ಕೃಷಿ ಮೇಳವೊಂದರಲ್ಲಿ ಬಿತ್ತನೆ ಕೂರಿಗೆಯನ್ನು ಮೆಚ್ಚಿ ಮುಂಗಡ ಕೊಟ್ಟು ಬಂದರು. ಕೂರಿಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಬೀಜ, ಗೊಬ್ಬರ ತುಂಬಿ ಎತ್ತಿದೊಡನೆ ಅವರ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಡತೊಡಗಿದವು. ಮುಂಗಡ ಕೊಡುವ ಮುನ್ನ ಅವರು ನನ್ನನ್ನು ಕೇಳಿದ್ದರು. ಟ್ರ್ಯಾಕ್ಟರಿನ ಕರಪತ್ರದಲ್ಲಿದ್ದ ಎತ್ತುವ ಸಾಮರ್ಥ್ಯದ ಅಂಕಿಯನ್ನು ನೋಡಿ ‘ಧಾರಾಳವಾಗಿ ಸಾಕು’ ಎಂದವನು ನಾನೇ.

ನಾನು ನೋಡಿದ ಅಂಕಿ ಹಿಂಬದಿಯ ಲಿಂಕ್‌ಗಳ, ಅಂದರೆ ಉಪಕರಣವನ್ನು ಹಿಡಿದೆತ್ತುವ ತೋಳುಗಳ, ತುದಿಯಲ್ಲಿ ಅಳೆದದ್ದು. ಉಪಕರಣದ ಭಾರವಾದರೋ ಆ ತುದಿಯಲ್ಲಿ ನಿಲ್ಲದೆ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಈ ಕಾರಣಕ್ಕಾಗಿಯೇ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಎಂಬ ಅಂತರರಾಷ್ಟ್ರೀಯ ಸಂಸ್ಥೆ) ಪದ್ಧತಿಯ ಟ್ರ್ಯಾಕ್ಟರ್ ಪರೀಕ್ಷೆಯಲ್ಲಿ ಲಿಂಕ್ ತುದಿಯಿಂದ 610 ಮಿ.ಮೀ. ಹಿಂದೆ ಭಾರವಿಟ್ಟು ಇನ್ನೊಮ್ಮೆ ಅಳೆಯುತ್ತಾರೆ, ಸಾಮಾನ್ಯವಾಗಿ ಆ ಅಂಕಿ ಮೊದಲಿನದಕ್ಕಿಂತ ಕಡಿಮೆಯೇ ಇರುತ್ತದೆ. ಎತ್ತಬಲ್ಲದು ಎಂದ ಮಾತ್ರಕ್ಕೆ ಟ್ರ್ಯಾಕ್ಟರನ್ನು ಬೇಕಾದತ್ತ ತಿರುಗಿಸಲು ಬರುತ್ತದೆ ಎಂದೂ ಅಲ್ಲ: ಟ್ರ್ಯಾಕ್ಟರಿನ ಸ್ವಂತ ತೂಕದ ಶೇ. 20ರಷ್ಟಾದರೂ ಮುಂದಿನ ಆಕ್ಸಲ್ ಮೇಲೆ ಉಳಿಯಬೇಕೆಂದು ಹಲವು ಕೈಪಿಡಿಗಳು ಹೇಳುತ್ತವೆ. ಅಂದಿನಿಂದ ನಾನು ಮೇಳಕ್ಕೆ ಹೊರಡುವ ಬೆಳೆಗಾರರಿಗೆ ಒಂದು ಹಾಳೆ ಬರೆಸುತ್ತೇನೆ. ಟ್ರ್ಯಾಕ್ಟರಿನ ತೂಕ, ಈ ಎರಡನೆಯ ಅಂಕಿ, ಪಿಟಿಒ (ಉಪಕರಣಕ್ಕೆ ಎಂಜಿನ್ನಿನ ಶಕ್ತಿ ಕೊಡುವ ತಿರುಗು ದಂಡ) ವೇಗ ನಿಮಿಷಕ್ಕೆ 540 ಸುತ್ತು ಮಾತ್ರವೋ 1000 ಕೂಡ ಇದೆಯೋ, ಸಾಲಿನ ಅಂತರ, ಹೊಲದ ಗೇಟಿನ ಅಗಲ ಇವಿಷ್ಟೂ ಅದರಲ್ಲಿರಬೇಕು. ಗೇಟಿನ ಅಗಲ ಎಂದಾಗ ನಗುವವರಿದ್ದಾರೆ. ಯಂತ್ರ ಮನೆ ಮುಟ್ಟಿದ ದಿನ ಅವರು ನಗುವುದಿಲ್ಲ.

ಹಾಳೆ ಕೈಯಲ್ಲಿದ್ದರೆ ಮಳಿಗೆಯ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಸಿಂಪಡಣಾ ಯಂತ್ರದ ಮಳಿಗೆಯನ್ನೇ ನೋಡೋಣ. ಬೂಮ್ ಎಂಬ ಅಡ್ಡ ತೋಳಿನುದ್ದಕ್ಕೂ ದ್ರಾವಣ ಚಿಮ್ಮಿಸುವ ಬಣ್ಣಬಣ್ಣದ ನಾಜಲ್‌ಗಳಿರುತ್ತವೆ. ಅಂತರರಾಷ್ಟ್ರೀಯ ಮಾನಕದಂತೆ ಬಣ್ಣವೇ ಅಳತೆಯನ್ನು ಹೇಳುತ್ತದೆ: 3 ಬಾರ್ ಒತ್ತಡದಲ್ಲಿ ಹಳದಿಯದು ನಿಮಿಷಕ್ಕೆ ಸುಮಾರು 0.8 ಲೀಟರ್, ನೀಲಿಯದು 1.2, ಕೆಂಪಿನದು 1.6. ನಾಜಲ್‌ಗಳ ನಡುವೆ ಅರ್ಧ ಮೀಟರ್ ಅಂತರವಿದ್ದು, ಗಂಟೆಗೆ 8 ಕಿ.ಮೀ. ವೇಗದಲ್ಲಿ ಸಾಗಿದರೆ ನೀಲಿ ನಾಜಲ್ ಹೆಕ್ಟೇರಿಗೆ 180 ಲೀಟರ್ ಸುರಿಸುತ್ತದೆ. ನಿಮ್ಮ ಔಷಧದ ಲೇಬಲ್ಲಿನಲ್ಲಿರುವ ಪ್ರಮಾಣಕ್ಕೆ ಇದು ಹೊಂದುತ್ತದೆಯೇ ಎಂದು ಅಲ್ಲೇ ನಿಂತು ಲೆಕ್ಕ ಹಾಕಬಹುದು. ‘ಹೆಚ್ಚು ಬೇಕಿದ್ದರೆ ಒತ್ತಡ ಏರಿಸಿ’ ಎಂದು ಮಾರಾಟಗಾರ ಹೇಳಿದರೆ ಅಲ್ಲಿ ತಡೆಯಿರಿ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಏರುವುದರಿಂದ ಅದೇ ನಾಜಲ್‌ನಿಂದ ಇಮ್ಮಡಿ ದ್ರಾವಣ ಬರಬೇಕಾದರೆ ಒತ್ತಡ ನಾಲ್ಮಡಿಯಾಗಬೇಕು. 3 ಬಾರ್ ಇದ್ದದ್ದು 12 ಬಾರ್ ಆಗುವ ಹೊತ್ತಿಗೆ ಹನಿಗಳು ಮಂಜಿನಂತಾಗಿ ಪಕ್ಕದ ಹೊಲದ ಪಾಲಾಗುತ್ತವೆ.

ತಳಿಗಳ ಪ್ರಾತ್ಯಕ್ಷಿಕೆ ತಾಕುಗಳಲ್ಲಿ ಮೋಸಹೋಗುವುದು ಇದಕ್ಕಿಂತ ಸುಲಭ, ಅದೂ ಯಾರೂ ಮೋಸ ಮಾಡದೆಯೇ. ನೋಡುಗರು ನಿಲ್ಲುವುದು ಕಾಲುದಾರಿಯ ಅಂಚಿನಲ್ಲಿ, ಅಂಚಿನ ಸಾಲಿಗೆ ಬಿಸಿಲು, ಗಾಳಿ, ಬೇರು ಹರಡುವ ಜಾಗ ಎಲ್ಲವೂ ಹೆಚ್ಚು. ಅದೇ ತಾಕಿನ ಒಳಕ್ಕೆ ನಾಲ್ಕು ಸಾಲು ದಾಟಿ ತೆನೆ ಹಿಡಿದು ನೋಡಿದಾಗ ಕಾಳಿನ ಸಂಖ್ಯೆ ಇಳಿದಿದ್ದನ್ನು ನಾನು ಎಣಿಸಿಯೇ ಕಂಡಿದ್ದೇನೆ. ಒಳಗೆ ಹೋಗಲು ಅನುಮತಿ ಕೇಳಿ. ಬಹಳಷ್ಟು ಕಡೆ ಬೇಡವೆನ್ನುವುದಿಲ್ಲ. ಎರಡು ತಳಿಗಳನ್ನು ಅಕ್ಕಪಕ್ಕ ಒಂದೊಂದೇ ಪಟ್ಟಿ ಬಿತ್ತಿದ್ದರೆ, ಕಂಡ ವ್ಯತ್ಯಾಸ ತಳಿಯದೋ ಮಣ್ಣಿನದೋ ಹೇಳಲಾಗದು. 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಪ್ರಯೋಗಗಳಲ್ಲಿ ಪುನರಾವರ್ತನೆಗೂ (ಒಂದೇ ತಳಿಯನ್ನು ಹಲವು ತಾಕುಗಳಲ್ಲಿ ಬಿತ್ತುವುದು) ಯಾದೃಚ್ಛಿಕ ಹಂಚಿಕೆಗೂ (ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದು) ಒತ್ತು ಕೊಟ್ಟದ್ದು ಇದೇ ತೊಡಕಿಗಾಗಿ. ಆದ್ದರಿಂದ ಫಲಕದಲ್ಲಿರುವ ಇಳುವರಿಗೆ ತಲೆದೂಗುವ ಮೊದಲು ಎಷ್ಟು ಪುನರಾವರ್ತನೆ, ಎಷ್ಟು ಹಂಗಾಮು, ಯಾವ ಮಣ್ಣು, ಎಷ್ಟು ಸಾರಜನಕ, ಬಿತ್ತಿದ ದಿನ ಯಾವುದು ಎಂದು ಕೇಳಬೇಕು.

ಬಿಡಿಭಾಗಗಳ ವಿಷಯದಲ್ಲಿ ‘ಎಲ್ಲ ಸಿಗುತ್ತದೆ’ ಎಂಬ ಉತ್ತರ ಉಪಯೋಗಕ್ಕೆ ಬಾರದು. ಮೊದಲು ಸವೆಯುವ ಭಾಗ ಯಾವುದು ತೋರಿಸಿ ಎನ್ನಿ. ಅದನ್ನು ಬಿಚ್ಚಲು ಎಷ್ಟು ಬೋಲ್ಟು ಕಳಚಬೇಕು, ಬಿತ್ತನೆಯ ನಡುವೆ ಮುರಿದರೆ ಎಷ್ಟು ದಿನದಲ್ಲಿ ತಲುಪಿಸುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮುಂಗಡವನ್ನು ಮಾತ್ರ ಮನೆಗೆ ಮರಳಿ ಹಾಳೆಯೊಂದಿಗೆ ತಾಳೆ ನೋಡಿದ ಮೇಲೆಯೇ ಕೊಡುವುದು ಲೇಸು, ಮೇಳದ ರಿಯಾಯಿತಿ ಅಂದೇ ಮುಗಿಯುವುದಾದರೂ ಸರಿಯೇ.

ಆ ಬೆಳೆಗಾರರು ಟ್ರ್ಯಾಕ್ಟರಿನ ಮೂತಿಗೆ ತೂಕದ ಕಬ್ಬಿಣಗಳನ್ನು ಕಟ್ಟಿ, ಗೊಬ್ಬರದ ಪೆಟ್ಟಿಗೆಯನ್ನು ಪ್ರತಿ ಸಲವೂ ಅರ್ಧಕ್ಕೇ ನಿಲ್ಲಿಸಿ ಆ ಹಂಗಾಮು ಮುಗಿಸಿದರು. ಮತ್ತೆ ಮತ್ತೆ ತುಂಬಲು ಹೊಲದ ತುದಿಗೆ ಹೋಗಿಬಂದ ಹೊತ್ತಿನ ಲೆಕ್ಕವನ್ನು ಅವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.