ಜಠರವಿಲ್ಲದ ಮೀನಿಗೊಂದು ಮನೆ

ಕಡಲಕುದುರೆ ಸಾಕಬೇಕು ಅಂತ ಬರುವವರು ಮೊದಲು ಕೇಳುವುದು ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಅಂತ. ಅದಕ್ಕೆ ಉತ್ತರ ಕೊಡುವ ಮುಂಚೆ ನಾನೊಂದು ಪ್ರಶ್ನೆ ಕೇಳುತ್ತೇನೆ: ದಿನಕ್ಕೆ ಎರಡು ಮೂರು ಸಲ ಊಟ ಹಾಕೋದಕ್ಕೆ ಮನೆಯಲ್ಲಿ ಯಾರಿರುತ್ತಾರೆ? ಉಪ್ಪುನೀರಿನ ಅಕ್ವೇರಿಯಂ ಜೋಡಿಸುವ ಕೆಲಸ ನನ್ನದು. ಬೇರೆ ಮೀನುಗಳಿಗೆ ಟ್ಯಾಂಕ್ ಕಟ್ಟಿ ಆಮೇಲೆ ಊಟದ ಬಗ್ಗೆ ಯೋಚಿಸಿದರೂ ನಡೆಯುತ್ತದೆ. ಕಡಲಕುದುರೆಗೆ ಹಾಗೆ ಮಾಡಿದರೆ ಕಷ್ಟ.

ಯಾಕೆಂದರೆ ಇದಕ್ಕೆ ಹಲ್ಲಿಲ್ಲ, ಜಠರವೂ ಇಲ್ಲ. ಕೊಳವೆಯಂಥ ಮೂತಿಯಿಂದ ಆಹಾರವನ್ನು ನೀರಿನ ಸಮೇತ ಸೆಳೆದುಕೊಳ್ಳುತ್ತದೆ. ಆಗ ‘ಟಿಕ್’ ಅಂತ ಸಣ್ಣ ಸದ್ದು ಬರುತ್ತದೆ, ಗಾಜಿನ ಹತ್ತಿರ ಕೂತರೆ ನಿಮಗೂ ಕೇಳಿಸಬಹುದು. ನುಂಗಿದ್ದು ಕರುಳಿನಲ್ಲಿ ಬೇಗ ಸಾಗಿ, ಅರ್ಧಂಬರ್ಧ ಜೀರ್ಣವಾಗಿ ಹೊರಗೆ ಬಂದುಬಿಡುತ್ತದೆ. ಅದಕ್ಕೇ ಅದು ಮತ್ತೆ ಮತ್ತೆ ತಿನ್ನಬೇಕು. ಹೀಗೆ ತಿಂದಷ್ಟೂ ನೀರಿಗೆ ಕೊಳೆ ಬೀಳುತ್ತದೆ. ಕೊಳೆ ಇದ್ದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ನೀರು ಬೆಚ್ಚಗಿದ್ದರೆ ಇನ್ನೂ ಬೇಗ. ಫಿಲ್ಟರ್, ಪಂಪು, ನೀರು ತಂಪು ಮಾಡುವ ಚಿಲ್ಲರ್ ಯಾವುದಕ್ಕೆ ದುಡ್ಡು ಹಾಕುವಾಗಲೂ ಇದು ನೆನಪಿರಲಿ.

ಮೊದಲು ತಂಪಿನ ಮಾತು. ಬಹಳ ಜನ ಇಲ್ಲೇ ಎಡವುತ್ತಾರೆ. ಸಾಕುವವರಲ್ಲಿ ಹೆಚ್ಚು ಬಳಕೆಯಲ್ಲಿರುವ ಹಿಪ್ಪೊಕ್ಯಾಂಪಸ್ ಎರೆಕ್ಟಸ್‌ನಂಥ ಜಾತಿಗಳಿಗೆ ನೀರು 22ರಿಂದ 24 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಿಸಿಲ ನಾಡಿನ ಕಡಲಲ್ಲಿ ಇದಕ್ಕಿಂತ ಬೆಚ್ಚಗಿರುತ್ತದಲ್ವಾ ಅಂತ ಕೇಳುತ್ತಾರೆ. ಇರುತ್ತದೆ. ಆದರೆ ಕಡಲಿನ ನೀರಿನ ಅಗಾಧತೆ ನಿಮ್ಮ ಟ್ಯಾಂಕಿಗೆ ಇಲ್ಲ. ಮುಚ್ಚಿದ ಟ್ಯಾಂಕಿನಲ್ಲಿ ಶಾಖ ಏರಿದರೆ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ವೇಗವಾಗಿ ಹೆಚ್ಚುತ್ತವೆ. ಬಾಲದ ತುದಿ, ಮೂತಿ, ಚರ್ಮ ಕೊಳೆಯುವ ರೋಗಗಳ ಹಿಂದೆ ಎಷ್ಟೋ ಸಲ ಇವೇ ಇರುತ್ತವೆ. ಕೋಣೆ ತಂಪಾಗಿರದಿದ್ದರೆ ಚಿಲ್ಲರ್‌ಗೆ ದುಡ್ಡು ತೆಗೆದಿಡಿ. ಒಂದೆರಡು ಡಿಗ್ರಿ ಇಳಿಸಿದರೆ ಸಾಕು ಅನ್ನುವ ಕಡೆ ನೀರಿನ ಮೇಲೆ ಫ್ಯಾನ್ ಇಟ್ಟರೂ ಆಗುತ್ತದೆ. ಆದರೆ ಫ್ಯಾನ್ ಇದ್ದರೆ ನೀರು ಜಾಸ್ತಿ ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಶುದ್ಧೀಕರಿಸಿದ ಸಿಹಿನೀರನ್ನೇ ತುಂಬಿಸಬೇಕು, ಉಪ್ಪುನೀರು ಹಾಕಬಾರದು.

ಇನ್ನು ಟ್ಯಾಂಕ್. ಇಲ್ಲಿ ಉದ್ದಕ್ಕಿಂತ ಎತ್ತರ ಮುಖ್ಯ. ಬಾಲ ಬಿಚ್ಚಿ ಅಳೆದರೆ ಬೆಳೆದ ಕಡಲಕುದುರೆ ಎಷ್ಟು ಉದ್ದವೋ ಅದರ ಮೂರು ಪಟ್ಟಾದರೂ ನೀರಿನ ಎತ್ತರ ಇರಲಿ. ಒಂದು ಜೋಡಿಗೆ 110 ಲೀಟರ್, 50 ಸೆಂಟಿಮೀಟರ್ ಎತ್ತರ ಅಂತ ನಾನು ಲೆಕ್ಕ ಹಿಡಿಯುತ್ತೇನೆ. ಇದು ನೋಟಕ್ಕಾಗಿ ಹೇಳುವ ಮಾತಲ್ಲ. ಕೂಡುವಾಗ ಗಂಡು ಹೆಣ್ಣು ಎದುರುಬದುರಾಗಿ ನೀರಿನಲ್ಲಿ ಮೇಲೇರುತ್ತವೆ. ಆಗ ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಚೀಲಕ್ಕೆ ಹಾಕುತ್ತದೆ. ಎತ್ತರ ಸಾಲದಿದ್ದರೆ ಮೊಟ್ಟೆಗಳು ತಳಕ್ಕೆ ಉದುರಿಹೋಗುತ್ತವೆ.

ಕಡಲಕುದುರೆ ಈಜುವುದು ಮುಖ್ಯವಾಗಿ ಬೆನ್ನಿನ ಒಂದು ಪುಟ್ಟ ರೆಕ್ಕೆಯಿಂದ. ಅದು ಸೆಕೆಂಡಿಗೆ ಸುಮಾರು 35 ಸಲ ಬಡಿದುಕೊಂಡರೂ ವೇಗ ಮಾತ್ರ ಇಲ್ಲ. ಪಾಪ, ಇದಕ್ಕೆ ನಿಂತ ನೀರೇ ಒಳ್ಳೆಯದು ಅಂತ ಪಂಪನ್ನು ಪೂರ್ತಿ ತಗ್ಗಿಸಿಡುವವರಿದ್ದಾರೆ. ಅದು ತಪ್ಪು. ನೀರು ಓಡಾಡದ ಮೂಲೆಯಲ್ಲಿ ತಿಂದುಳಿದ ಸೀಗಡಿ ಕೊಳೆಯುತ್ತದೆ. ಟ್ಯಾಂಕಿನ ಎಲ್ಲ ಕಡೆಯೂ ನೀರು ಮೆಲ್ಲಗೆ ಹರಿಯಬೇಕು, ಒಂದೇ ಕಡೆ ರಭಸವಾಗಿ ನುಗ್ಗಬಾರದು. ಪಂಪಿನ ಬಾಯಿಗೆ ಸಾಲು ತೂತಿನ ಪೈಪು ಸಿಕ್ಕಿಸಿದರೆ ಇದು ಸುಲಭ. ಫಿಲ್ಟರ್ ಕೊಳ್ಳುವಾಗ ನಿಮ್ಮದರ ಎರಡು ಪಟ್ಟು ದೊಡ್ಡ ಟ್ಯಾಂಕಿಗೆ ಆಗುವಂಥದ್ದನ್ನು ನೋಡಿ. ನೀರಿನ ಕೊಳೆಯನ್ನು ನೊರೆಯ ಜೊತೆ ಎತ್ತಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಬೇಕೇ ಬೇಕು.

ನೀರು ಒಳಗೆಳೆಯುವ ಪೈಪಿಗೆ ಸ್ಪಂಜು ಅಥವಾ ಜಾಲರಿ ಹಾಕದೆ ಒಂದು ರಾತ್ರಿಯೂ ಬಿಡಬೇಡಿ. ಈ ಕೆಲಸದ ಮೊದಲ ದಿನಗಳಲ್ಲಿ ನಾನು ಜೋಡಿಸಿದ ಒಂದು ಟ್ಯಾಂಕಿನಲ್ಲಿ ಸ್ಪಂಜು ಸಡಿಲವಾಗಿತ್ತು. ಬೆಳಗ್ಗೆ ನೋಡುವಷ್ಟರಲ್ಲಿ ಗಂಡು ಕಡಲಕುದುರೆಯ ಬಾಲ ಪೈಪಿನೊಳಗೆ ಸಿಕ್ಕಿಕೊಂಡಿತ್ತು. ಬಿಡಿಸಿದೆವು, ಔಷಧಿ ಮಾಡಿದೆವು, ಆದರೂ ಅದು ಉಳಿಯಲಿಲ್ಲ. ಅಲ್ಲಿಂದ ಮುಂದೆ ಕೈಯಿಂದ ಎಳೆದು ನೋಡದೆ ಯಾವ ಮನೆಯಿಂದಲೂ ಹೊರಟಿಲ್ಲ. ಹೀಟರ್ ಇದ್ದರೆ ಅದಕ್ಕೂ ಕವಚ ಬೇಕು. ಬಾಲ ಸುತ್ತಿಕೊಂಡು ಕೂರುವುದು ಇದರ ಸ್ವಭಾವ, ಸುಡುತ್ತಿದೆ ಅಂತ ತಕ್ಷಣ ಬಿಡುವುದೂ ಇಲ್ಲ.

ಸುತ್ತಿಕೊಳ್ಳಲು ಒಳ್ಳೆಯ ಆಸರೆಗಳನ್ನು ನೀವೇ ಕೊಡಿ. ಕಡಲಪಾಚಿ, ಗೋರ್ಗೋನಿಯನ್ ಹವಳ, ಪ್ಲಾಸ್ಟಿಕ್ ಗಿಡ ಎಲ್ಲವೂ ನಡೆಯುತ್ತವೆ. ಕಡಲಹೂ (ಸೀ ಅನಿಮೋನ್) ಮತ್ತು ಕುಟುಕುವ ಹವಳಗಳು ಬೇಡ. ಏಡಿಯೂ ಬೇಡ. ಜೊತೆಗೆ ಬೇರೆ ಮೀನು ಬಿಡಬಹುದಾ ಅಂದರೆ, ಸುಮ್ನೆ ಬೇಡ ಅನ್ನುತ್ತೇನೆ. ಚುರುಕಾದ ಮೀನುಗಳು ಊಟ ಕಬಳಿಸುತ್ತವೆ, ಇದು ನೋಡುತ್ತಾ ಉಳಿಯುತ್ತದೆ. ಕೊಳೆ ತಿನ್ನುವ ನಾಲ್ಕು ಬಸವನಹುಳು ಸಾಕು.

ಎಲ್ಲ ಜೋಡಿಸಿದ ಮೇಲೆ ಕಾಯಬೇಕು. ಕೊಳೆಯಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಮಾಡುವ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರಬೇಕು. ಆ ದಿನ ಬಂದ ಮೇಲೂ ಇನ್ನೊಂದಿಷ್ಟು ವಾರ ಬಿಡಿ ಅಂತಲೇ ನನ್ನ ಸಲಹೆ.

ಕೊಳ್ಳುವಾಗ ಸಾಕಣೆಯಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ. ಕಡಲಿನಿಂದ ಹಿಡಿದು ತಂದವು ಬಹಳ ಸಲ ಜೀವಂತ ಆಹಾರ ಬಿಟ್ಟು ಬೇರೇನೂ ಮುಟ್ಟದೆ ಸೊರಗುತ್ತವೆ, ರೋಗಗಳನ್ನೂ ಜೊತೆಗೆ ತರುತ್ತವೆ. ಸಾಕಣೆಯವು ಫ್ರೀಜ್ ಮಾಡಿದ ಮೈಸಿಸ್ ಸೀಗಡಿಗೆ ಒಗ್ಗಿರುತ್ತವೆ. 2004ರಿಂದ ಎಲ್ಲ ಜಾತಿಯ ಕಡಲಕುದುರೆಗಳ ಅಂತರರಾಷ್ಟ್ರೀಯ ವ್ಯಾಪಾರ, ಅಳಿವಿನ ಭಯವಿರುವ ಜೀವಿಗಳನ್ನು ಕಾಯುವ ಸೈಟಿಸ್ ಎಂಬ ಒಪ್ಪಂದದ ನಿಯಂತ್ರಣದಲ್ಲಿದೆ. ಕೆಲವು ದೇಶಗಳ ಕಾನೂನು ಇನ್ನೂ ಬಿಗಿ. ನಿಮ್ಮಲ್ಲಿ ಸಾಕಲು ಅನುಮತಿ ಇದೆಯಾ ಅಂತ ಟ್ಯಾಂಕ್ ಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಇಲ್ಲ ಅಂದರೆ ಆಸೆ ಬಿಡಬೇಕು.

ಮಾರುವವರ ಹತ್ತಿರ ಹೋದಾಗ, ನಿಮ್ಮ ಕಣ್ಣೆದುರೇ ಮೈಸಿಸ್ ಹಾಕಿ ಅಂತ ಕೇಳಿ. ಕಡಲಕುದುರೆ ಕಣ್ಣು ಹೊರಳಿಸಿ ಗುರಿಯಿಡುತ್ತದೆ, ಕತ್ತು ಬಾಗಿಸುತ್ತದೆ, ಮೂತಿ ಹತ್ತಿರ ತರುತ್ತದೆ. ಆಮೇಲೆ ಆ ‘ಟಿಕ್’. ಅದನ್ನು ನೋಡಿದ ಮೇಲಷ್ಟೇ ದುಡ್ಡು ಕೊಡಿ.