ಅಡುಗೆಗೆ ಬೋರಿನ ನೀರು ಬಳಸಿದರೆ ಫ್ಲೋರೈಡ್ ದೇಹ ಸೇರುತ್ತದೆಯೇ?

ಪ್ರಶ್ನೆ: ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಅಡುಗೆ ಮಾತ್ರ ಬೋರ್‌ವೆಲ್ ನೀರಿನಲ್ಲಿ. ಹೇಗಿದ್ದರೂ ಚೆನ್ನಾಗಿ ಕುದಿಯುತ್ತದಲ್ಲ, ಫ್ಲೋರೈಡ್ ಉಳಿಯುತ್ತದೆಯೇ? ಮೈಗೆ ಸೇರಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಸೀಮೆಯ ಅನೇಕ ಮನೆಗಳಲ್ಲಿ ಇದೇ ರೂಢಿಯಿದೆ. ಮಿತಿ ಮೀರಿದರೆ ಹಲ್ಲು, ಮೂಳೆಗಳಿಗೆ ಹಾನಿ ಮಾಡುವ ಫ್ಲೋರೈಡ್ ಕುದಿಸಿದರೂ ಉಳಿಯುತ್ತದೆ; ಕೆಲವೊಮ್ಮೆ ಅದರ ಸಾಂದ್ರತೆ ಹೆಚ್ಚುತ್ತದೆ. ಕುದಿಸಿದಾಗ ರೋಗಾಣುಗಳು ಸಾಯುತ್ತವೆ, ಆದರೆ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಿಂದ ಕರಗಿ ಬಂದ ಫ್ಲೋರೈಡ್ ಆವಿಯ ಜೊತೆ ಹೊರಡುವುದಿಲ್ಲ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ಎರಡು ಲೀಟರ್ ನೀರನ್ನು ಒಂದು ಲೀಟರಿಗೆ ಇಳಿಯುವಂತೆ ಕುದಿಸಿದರೆ ಸಾಂದ್ರತೆ ಲೀಟರಿಗೆ 4 ಮಿಲಿಗ್ರಾಂ ಆಗುತ್ತದೆ. ಭಾರತೀಯ ಮಾನಕದ ಪ್ರಕಾರ ಅಪೇಕ್ಷಣೀಯ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 1.5.

ರಾಗಿ ಮುದ್ದೆಗೆ ಎಸರಿಟ್ಟು ಹಿಟ್ಟು ಹಾಕಿ ತಿರುವಿದಾಗ ಆ ನೀರನ್ನೆಲ್ಲ ಹಿಟ್ಟೇ ಹೀರಿಕೊಳ್ಳುತ್ತದೆ. ಗಂಜಿ ಬಸಿಯದೆ ಮಾಡಿದ ಅನ್ನವೂ ಹಾಗೆಯೇ. ಸಾರು ಮತ್ತು ಚಹಾದ ನೀರನ್ನೂ ಲೆಕ್ಕಕ್ಕೆ ಹಿಡಿದರೆ, ಕ್ಯಾನಿನ ನೀರನ್ನಷ್ಟೇ ಕುಡಿಯುವವರಿಗೂ ಗಣನೀಯ ಪ್ರಮಾಣದ ಫ್ಲೋರೈಡ್ ಊಟದ ತಟ್ಟೆಯಿಂದಲೇ ಸೇರುತ್ತದೆ. ಆದ್ದರಿಂದ ಅಡುಗೆಗೂ ಶುದ್ಧೀಕರಿಸಿದ ನೀರನ್ನೇ ಬಳಸಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸ್ನಾನಕ್ಕೆ, ಬಟ್ಟೆ ಒಗೆಯಲು ಬೋರಿನ ನೀರು ಸಾಕು.

ದೇಹ ಸೇರಿದ ಫ್ಲೋರೈಡನ್ನು ಗುರುತಿಸುವ ಜೈವಿಕ ಸೂಚಕಗಳಲ್ಲಿ ಮೂತ್ರ ಮುಖ್ಯವಾದುದು. ವಯಸ್ಕರಲ್ಲಿ ಹೀರಿಕೆಯಾದ ಫ್ಲೋರೈಡಿನ ಸುಮಾರು ಅರ್ಧದಷ್ಟು ಮೂತ್ರದ ಮೂಲಕ ಹೊರಹೋಗುತ್ತದೆ. ಮೂಳೆ ಬೆಳೆಯುತ್ತಿರುವ ಮಕ್ಕಳಲ್ಲಿ ಹೊರಹೋಗುವ ಪಾಲು ಇನ್ನೂ ಕಡಿಮೆ. ಆದರೆ ಮೂತ್ರವು ಮುಖ್ಯವಾಗಿ ಇತ್ತೀಚಿನ ಸೇವನೆಯನ್ನು ಹೇಳುವುದರಿಂದಲೂ, ಕುಡಿದ ನೀರು ಹೆಚ್ಚುಕಡಿಮೆಯಾದಂತೆ ಅಂಕಿ ಏರಿಳಿಯುವುದರಿಂದಲೂ, 24 ಗಂಟೆಗಳ ಮೂತ್ರವನ್ನು ಸಂಗ್ರಹಿಸುವುದು ಅಥವಾ ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯ) ಪ್ರಮಾಣಕ್ಕೆ ಹೊಂದಿಸಿ ಫಲಿತಾಂಶವನ್ನು ಓದುವುದು ವಾಡಿಕೆ. ಉಗುರು ಹಿಂದಿನ ಕೆಲವು ತಿಂಗಳ ಸೇವನೆಯನ್ನು ತೋರಿಸುತ್ತದೆ. ಹಲ್ಲಿನ ಮೇಲಿನ ಬಿಳಿ ಅಥವಾ ಕಂದು ಪಟ್ಟೆಗಳು ಎನಾಮೆಲ್ ರೂಪುಗೊಳ್ಳುವ ಬಾಲ್ಯದ ವರ್ಷಗಳ ದಾಖಲೆ. ದೊಡ್ಡವರಾದ ಮೇಲೆ ಕುಡಿದ ನೀರು ಅವುಗಳನ್ನು ಮೂಡಿಸುವುದಿಲ್ಲ. ಇನ್ನೊಂದು ಮಾತು: ಮೂಳೆಯಲ್ಲಿ ಸೇರಿಕೊಂಡ ಫ್ಲೋರೈಡ್ ನಿಧಾನವಾಗಿ ಬಿಡುಗಡೆಯಾಗುವುದರಿಂದ, ನೀರು ಬದಲಿಸಿದ ಮೇಲೂ ಮೂತ್ರದ ಅಂಕಿ ಕೆಲಕಾಲ ಹೆಚ್ಚಾಗಿಯೇ ಇರಬಹುದು, ಅದನ್ನು ನೋಡಿ ಕೈಚೆಲ್ಲಬಾರದು.

ಸಂಶೋಧಕರ ಗಮನವೀಗ ಹಲ್ಲು, ಮೂಳೆಗಳಾಚೆಗೂ ಹೋಗಿದೆ. 2025ರ ಜನವರಿಯಲ್ಲಿ ಜಾಮಾ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾದ, 74 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯು ಹೆಚ್ಚಿನ ಫ್ಲೋರೈಡ್ ಸೇವನೆಗೂ ಮಕ್ಕಳ ಬುದ್ಧಿಮಾಪನದ ಅಂಕ ಕಡಿಮೆಯಾಗಿರುವುದಕ್ಕೂ ಸಂಬಂಧ ಕಂಡಿತು. ಸೇರಿಸಿಕೊಂಡ ಅಧ್ಯಯನಗಳಲ್ಲಿ ಬಹುಪಾಲು ದೋಷಸಾಧ್ಯತೆ ಹೆಚ್ಚಿರುವಂಥವು, 1.5 ಮಿಲಿಗ್ರಾಂಗಿಂತ ಕೆಳಗಿನ ನೀರಿನ ವಿಚಾರದಲ್ಲಿ ಚರ್ಚೆ ಮುಗಿದಿಲ್ಲ. ಆದರೂ ನಮ್ಮ ಕೆಲವು ಬೋರ್‌ವೆಲ್‌ಗಳು ಆ ಮಿತಿಯನ್ನು ದಾಟಿರುವುದರಿಂದ, ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳಿರುವ ಮನೆಗಳು ಕಾದು ನೋಡುವುದು ತರವಲ್ಲ.

ಘಟಕದ ನೀರನ್ನೂ ಕಣ್ಣುಮುಚ್ಚಿ ನಂಬಬಾರದು. ಆರ್‌ಒ ಪೊರೆ (ಒತ್ತಡದಲ್ಲಿ ನೀರನ್ನು ಸೋಸುವ ಹಾಳೆ) ಸರಿಯಾಗಿದ್ದರೆ ಫ್ಲೋರೈಡಿನ ಬಹುಪಾಲನ್ನು ತಡೆಯುತ್ತದೆ, ಹಳತಾದರೆ ಸೋರುತ್ತದೆ; ಬಣ್ಣವಾಗಲಿ ರುಚಿಯಾಗಲಿ ಅದನ್ನು ತಿಳಿಸುವುದಿಲ್ಲ. ಟಿಡಿಎಸ್ ಮೀಟರ್ ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಕೊಡುತ್ತದೆ, ಅದರಲ್ಲಿ ಫ್ಲೋರೈಡ್ ಎಷ್ಟೆಂದು ಹೇಳುವುದಿಲ್ಲ. ಘಟಕದ ನಲ್ಲಿಯಿಂದ ಒಂದು ಬಾಟಲಿ, ಮನೆಯ ಬೋರಿನಿಂದ ಒಂದು ಬಾಟಲಿ ಹಿಡಿದು ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯೇ ಎಂದು ವಿಚಾರಿಸಿ. ಫಲಿತಾಂಶ ಅನುಮಾನಾಸ್ಪದವಾಗಿದ್ದರೆ ಅದೇ ನೀರನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸಿ, ಫ್ಲೋರೈಡಿನ ಅಂಕಿಯನ್ನು ಬರಹದಲ್ಲೇ ಪಡೆಯಿರಿ.